ಕೊಳ್ಳುವಾಗಲೂ ಏಳನೆಯ ಆಜ್ಞೆ

ಕದ್ದ ಮಾಲೆಂದು ತಿಳಿದೂ ಅದನ್ನು ಅಗ್ಗಕ್ಕೆ ಕೊಳ್ಳುವುದು ಪಾಪವೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಕದ್ದಿರುವುದು ವಸ್ತುವನ್ನಲ್ಲ, ಅದನ್ನು ಮಾಡಿದವನ ದುಡಿಮೆಯನ್ನು ಎಂದಾದರೆ?

ಮಾರಿಕುಪ್ಪಂನವರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಿತು. ಉತ್ತರ ಆರ್ಕಾಟ್ ಮುಂತಾದ ಜಿಲ್ಲೆಗಳ ಬಡವರು, ಅವರಲ್ಲಿ ಹೆಚ್ಚಿನವರು ದಲಿತರು, ಗುತ್ತಿಗೆದಾರರ ಮತ್ತು ಮೇಸ್ತ್ರಿಗಳ ಮೂಲಕ ಗಣಿಗೆ ಬಂದರು. ಮುಂಗಡ ಪಡೆದವರು ಸಾಲಕ್ಕೆ ಕಟ್ಟುಬಿದ್ದರು. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ನಿಯಮ ಬಂದಾಗ ಕಾರ್ಮಿಕರು ಮುಷ್ಕರ ಹೂಡಿದರು. ಕಳ್ಳರ ಸಾಲಿಗೆ ತಮ್ಮನ್ನೂ ಸೇರಿಸಿದಂತೆ ಅವರಿಗೆ ಅನಿಸಿದ್ದರೆ ಆಶ್ಚರ್ಯವೇನು? ಚಿನ್ನ ಕಡಲಾಚೆ ಹೋಯಿತು. ಕಲ್ಲುಪುಡಿ ಮಾತ್ರ ನಮ್ಮ ಅಜ್ಜಂದಿರ ಎದೆಯಲ್ಲಿ ಉಳಿಯಿತು. ಲಂಡನ್ನಿನಲ್ಲಿ ಉಂಗುರ ತೊಟ್ಟವರು ಕೆಟ್ಟವರೇನಲ್ಲ. ಅವರು ಕೇಳಲಿಲ್ಲ, ಅಷ್ಟೇ.

ಇಂದು ಆ ಉಂಗುರ ತೊಟ್ಟವರ ಜಾಗದಲ್ಲಿ ನಾವಿದ್ದೇವೆ. ಹಬ್ಬಕ್ಕೆ ಮಕ್ಕಳಿಗೆ ಅಂಗಿ ಕೊಳ್ಳುತ್ತೇವೆ. ಅಂಗಿಯ ಹತ್ತಿ ಎಲ್ಲಿಯದು? ಪ್ರಪಂಚದ ಹತ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ್ದು. ಅಲ್ಲಿನ ಉಯ್ಘರ್ ಮುಸಲ್ಮಾನರನ್ನು ಸರಕಾರವೇ ಕಾರ್ಖಾನೆಗಳಿಗೂ ಹೊಲಗಳಿಗೂ ಕಳುಹಿಸುತ್ತದೆ. ಒಲ್ಲೆನೆನ್ನುವ ಸ್ವಾತಂತ್ರ್ಯ ಅವರಿಗಿಲ್ಲ ಎಂಬ ದೂರು ಬಹಳ ಕಾಲದ್ದು. ಈ ಕೆಲಸದ ಯೋಜನೆಗಳಲ್ಲಿ ಬಲವಂತದ ಲಕ್ಷಣಗಳಿವೆಯೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್‌ನಲ್ಲಿ ವರದಿ ಮಾಡಿತು. ಚೀನಾ ಇದನ್ನು ಅಲ್ಲಗಳೆಯುತ್ತದೆ. ಅಮೆರಿಕವಂತೂ, ಬಲವಂತದ ದುಡಿಮೆ ಇಲ್ಲವೆಂದು ರುಜುವಾತು ಮಾಡದ ಹೊರತು ಆ ಪ್ರಾಂತ್ಯದ ಸರಕನ್ನು 2022ರ ಜೂನ್‌ನಿಂದ ಒಳಗೆ ಬಿಡುತ್ತಿಲ್ಲ. 2020ರಲ್ಲಿ ಜಗದ್ಗುರು ಫ್ರಾನ್ಸಿಸರು ಉಯ್ಘರರನ್ನು ಹಿಂಸೆಗೊಳಗಾದ ಜನರೆಂದು ಹೆಸರಿಸಿ ಬರೆದರು.

ಅವರು ನಮ್ಮ ಧರ್ಮದವರಲ್ಲವಲ್ಲ ಎನ್ನುವಿರಾ? ಸಮಾರ್ಯದವನು ಗಾಯಗೊಂಡವನ ಧರ್ಮ ವಿಚಾರಿಸಲಿಲ್ಲ. ಕೂಲಿಕಾರರಿಗೆ ಕೊಡದೆ ಹಿಡಿದಿಟ್ಟ ಕೂಲಿಯ ಮೊರೆ ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ. ಮನುಷ್ಯನನ್ನು ಸರಕಾಗಿಸುವ ಯಾವ ವ್ಯವಹಾರವನ್ನೂ ಏಳನೆಯ ಆಜ್ಞೆ ನಿಷೇಧಿಸುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ಕೊಳ್ಳುವುದು ಬರೀ ಹಣದ ವಿಷಯವಲ್ಲ, ನೀತಿಯ ವಿಷಯವೂ ಹೌದೆಂದು ಜಗದ್ಗುರು 16ನೇ ಬೆನೆಡಿಕ್ಟರು 2009ರ ವಿಶ್ವಪರಿಪತ್ರದಲ್ಲಿ ತಿಳಿಸಿದರು.

ಹಾಗೆಂದು ಚೀನೀಯರನ್ನು ದ್ವೇಷಿಸಬೇಕಿಲ್ಲ, ಹೊಸ ಬಟ್ಟೆಯನ್ನೇ ತೊರೆಯಬೇಕಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರಿಂದ; ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಬಟ್ಟೆ ಮಾರಾಟ ನಿಂತರೆ ಮೊದಲು ಹೊಟ್ಟೆಗೆ ಹೊಡೆತ ಬೀಳುವುದು ಅವರಿಗೇ. ಅಂಗಡಿಯಲ್ಲಿ ಚೀಟಿ ನೋಡಿ, ಎಲ್ಲಿಯ ಮಾಲೆಂದು ಕೇಳಿ. ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವನೂ ಸಗಟು ವ್ಯಾಪಾರಿಯನ್ನು ಕೇಳಿಯಾನು. ತೀರಾ ಅಗ್ಗವೆನಿಸಿದಾಗ, ಈ ಬೆಲೆಯಲ್ಲಿ ಹೊಲಿದವಳ ಪಾಲೆಷ್ಟೆಂದು ಮನೆಯಲ್ಲೇ ಲೆಕ್ಕ ಹಾಕಿ ನೋಡಿ.

ಫೆಬ್ರವರಿ 8 ಸಂತ ಬಖೀತಾರ ಹಬ್ಬ. ಸುಡಾನಿನಲ್ಲಿ ಬಾಲ್ಯದಲ್ಲೇ ಗುಲಾಮಳಾಗಿ ಮಾರಾಟವಾದವರು ಅವರು. ಮಾನವ ಸಾಗಣೆಯ ವಿರುದ್ಧ ಆ ದಿನ ಪ್ರಾರ್ಥಿಸುವ ರೂಢಿ 2015ರಿಂದ ಇದೆ. ಆ ಸಂಜೆ ಜಪಸರದ ನಂತರ ಯಕೋಬರ ಪತ್ರದ ಆ ಅಧ್ಯಾಯವನ್ನು ಓದಿ. ಅಜ್ಜ ಗಣಿಗಿಳಿದ ಕತೆಯನ್ನು ಮಕ್ಕಳಿಗೆ ಹೇಳಿ.