ಸುತ್ತುಡುಪು: ಹಳೆಯ ನಕ್ಷೆಯಿಂದ ಹೊಲಿಯುವ ವಿಧಾನ

ಮಾನವನು ಬಟ್ಟೆಯನ್ನು ಧರಿಸುವ ರೀತಿಗಳು ಮುಖ್ಯವಾಗಿ ಎರಡು. ಸುತ್ತಿಕೊಳ್ಳುವುದು ಒಂದು, ಕತ್ತರಿಸಿ ಹೊಲಿದು ತೊಡುವುದು ಮತ್ತೊಂದು. ಚಿತ್ರದುರ್ಗದ ಸೀಮೆಗೆ ಮೊದಲನೆಯದು ಚಿರಪರಿಚಿತ. ಮೊಳಕಾಲ್ಮೂರಿನ ರೇಷ್ಮೆ ಸೀರೆಗಾಗಲಿ, ಚಳ್ಳಕೆರೆಯ ಕಡೆಯ ಉಣ್ಣೆಯ ಕಂಬಳಿಗಾಗಲಿ ಕತ್ತರಿಯ ಅಗತ್ಯವಿಲ್ಲ. ಮಳೆ ಬಂದರೆ ಕುರಿಗಾಹಿಯು ಅದೇ ಕಂಬಳಿಯನ್ನು ಮಡಿಸಿ ಕೊಪ್ಪೆಯಾಗಿ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ.

ಈ ಎರಡು ರೀತಿಗಳನ್ನೂ ಕೂಡಿಸಿದ ಉಡುಪೊಂದುಂಟು. ಅದರ ಮುಂಭಾಗದ ಎರಡು ಹೋಳುಗಳು ಒಂದರ ಮೇಲೊಂದು ಹಾಯ್ದು, ಸೊಂಟದಲ್ಲಿ ಲಾಡಿಯಿಂದ ಬಿಗಿಯಲ್ಪಡುತ್ತವೆ. ‘ರ‍್ಯಾಪ್ ಡ್ರೆಸ್’ ಎಂದು ಹೆಸರಾದ ಇದನ್ನು ನಾವು ಸುತ್ತುಡುಪು ಎನ್ನೋಣ. ಅಮೆರಿಕದಲ್ಲಿ ಕ್ಲೇರ್ ಮೆಕಾರ್ಡೆಲ್ 1942ರಲ್ಲಿ ಮನೆಗೆಲಸಕ್ಕೆಂದು ಇಂತಹ ಉಡುಪನ್ನು ರಚಿಸಿದರು; 1952ರಲ್ಲಿ ಬಟರಿಕ್ ಸಂಸ್ಥೆಯ ಕಾಗದದ ನಕ್ಷೆಯೊಂದು ಬಹಳ ಜನಪ್ರಿಯವಾಯಿತು; 1974ರಲ್ಲಿ ಡಯಾನ್ ಫಾನ್ ಫರ್ಸ್ಟನ್‌ಬರ್ಗ್ ಅದನ್ನು ಹೆಣೆದ ಜರ್ಸಿ ಬಟ್ಟೆಯಲ್ಲಿ ತಂದರು. ಈ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಹೆಣೆದ ಬಟ್ಟೆ ಕುಣಿಕೆಗಳಿಂದ ಆದದ್ದು, ಎಳೆದರೆ ಹಿಗ್ಗುತ್ತದೆ. ನೇಯ್ದ ಬಟ್ಟೆ ಹಾಗಲ್ಲ. ಒಂದಕ್ಕೆಂದು ಮಾಡಿದ ನಕ್ಷೆ ಇನ್ನೊಂದಕ್ಕೆ ಒಪ್ಪುವುದಿಲ್ಲ.

ಹಾಸು, ಹೊಕ್ಕು, ಓರೆ

ವಾಚಕರು ಒಂದು ಹತ್ತಿಯ ಕರವಸ್ತ್ರವನ್ನು ತೆಗೆದುಕೊಂಡು ಅದರ ಅಂಚಿನ ನೇರಕ್ಕೆ ಎಳೆದು ನೋಡಲಿ. ಅದು ಹೆಚ್ಚು ಹಿಗ್ಗದು, ಏಕೆಂದರೆ ಎಳೆತವೆಲ್ಲ ನೂಲಿನ ಮೇಲೆಯೇ ಬೀಳುತ್ತದೆ. ಈಗ ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಎಳೆಯಲಿ. ಬಟ್ಟೆ ಉದ್ದವಾಗಿ ನಡುವೆ ಕಿರಿದಾಗುತ್ತದೆ. ಇಲ್ಲಿ ನೂಲು ಹಿಗ್ಗಿಲ್ಲ; ಹಾಸು ಹೊಕ್ಕುಗಳ ನಡುವಣ ಚೌಕಗಳು ಓರೆಯಾಗಿ ವಾಲಿವೆ, ಅಷ್ಟೆ.

ಸುತ್ತುಡುಪಿನ ಕಷ್ಟವೆಲ್ಲ ಈ ಒಂದು ಸಂಗತಿಯಲ್ಲಿದೆ. ಅದರ ಕೊರಳ ಅಂಚು ಭುಜದಿಂದ ಎದುರು ಪಕ್ಕದ ಸೊಂಟಕ್ಕೆ ಓರೆಯಾಗಿ ಇಳಿಯುತ್ತದೆ. ಕತ್ತರಿಸಿದ ಕೂಡಲೆ ಈ ಅಂಚು ಕೈಯ ಎಳೆತಕ್ಕೇ ಜೋಲುತ್ತದೆ. ಹಾಗೆಯೇ ಹೊಲಿದರೆ ಎದೆಯ ಬಳಿ ಬಾಯ್ದೆರೆದು ನಿಲ್ಲುತ್ತದೆ. ಆದ್ದರಿಂದ ಬೇರೆಲ್ಲ ಕೆಲಸಕ್ಕಿಂತ ಮುಂಚೆ ಆ ಅಂಚಿನೊಳಗೆ ಒಂದು ಸಾಲು ಹೊಲಿಗೆ ಹಾಕಬೇಕು. ಅನಂತರ ಹಾಸಿನ ನೇರಕ್ಕೆ ಕತ್ತರಿಸಿದ ತೆಳು ಪಟ್ಟಿಯೊಂದನ್ನು ಅದರೊಡನೆ ಸೇರಿಸಬೇಕು. ಅಂಚು 60 ಸೆಂಟಿಮೀಟರ್ ಇದ್ದರೆ ಪಟ್ಟಿ 59 ಇರಲಿ.

ಗಾಳಿಯ ಲೆಕ್ಕ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಗಳ ಮೇಲೆ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಅವುಗಳನ್ನು ತಿರುಗಿಸುವ ಮುಂಗಾರಿನ ಗಾಳಿಯೇ ಬಸ್ಸಿಗಾಗಿ ಕಾದು ನಿಂತ ಹೆಣ್ಣುಮಗಳ ಉಡುಪನ್ನೂ ಹಾರಿಸುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 6 ಕಿಲೋಗ್ರಾಂ ತೂಕದಷ್ಟು ಒತ್ತಬಲ್ಲದು. ಸೊಂಟದ ಲಾಡಿಯೊಂದೇ ಇದನ್ನು ತಡೆಯದು.

ಆದುದರಿಂದ ಹೋಳುಗಳ ಹಾಯುವಿಕೆಯನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ನಿತಂಬದ ಸುತ್ತಳತೆ 96 ಸೆಂಟಿಮೀಟರ್ ಎನ್ನೋಣ. ಹಿಂಭಾಗಕ್ಕೆ 48. ಮುಂಭಾಗದ ಹೋಳುಗಳು ತಲಾ 36 ಆದರೆ, ಒಟ್ಟು 72ರಲ್ಲಿ 48 ಕಳೆದು 24 ಸೆಂಟಿಮೀಟರ್ ಮಾತ್ರ ಒಂದರ ಮೇಲೊಂದು ಬರುತ್ತದೆ. ತಲಾ 48 ಆದರೆ ಮುಂಭಾಗವೆಲ್ಲ ಎರಡು ಪದರವಾಗುತ್ತದೆ. ಬಟ್ಟೆ ಹೆಚ್ಚು ಬೇಕಾದರೂ ಗಾಳಿಯ ನಾಡಿಗೆ ಎರಡನೆಯದೇ ಲೇಸು. ಜೊತೆಗೆ ಒಳಹೋಳಿಗೆ ಒಂದು ಗುಂಡಿಯನ್ನೂ, ಕೆಳ ಅಂಚಿಗೆ 5 ಸೆಂಟಿಮೀಟರ್ ಅಗಲದ ಮಡಿಕೆಯನ್ನೂ ಇಟ್ಟರೆ ತೂಕದಿಂದ ಬಟ್ಟೆ ಕೆಳಗೆ ನಿಲ್ಲುತ್ತದೆ.

ಹೊಲಿಯುವ ಕ್ರಮ

ಹಳೆಯ ನಕ್ಷೆಯ ಕಾಗದ ಬಲು ತೆಳು. ಮಡಿಕೆಗಳಲ್ಲಿ ಬೇಗ ಹರಿಯುತ್ತದೆ. ನೀರು ತಾಗಿಸದೆ, ಹದವಾದ ಬಿಸಿಯ ಇಸ್ತ್ರಿಯಿಂದ ಸುಕ್ಕು ತೆಗೆದು, ಬೇರೆ ಕಾಗದದ ಮೇಲೆ ಪಡಿಯಚ್ಚು ಬರೆದುಕೊಂಡು ಮೂಲವನ್ನು ಎತ್ತಿಡಬೇಕು. ಅದರ ಮೇಲಿನ ಗಾತ್ರದ ಸಂಖ್ಯೆಯನ್ನು ನಂಬಬಾರದು. ಅಂದಿನ 14 ಇಂದಿನ ಅಂಗಡಿಯ 14 ಅಲ್ಲ. ಟೇಪು ಹಿಡಿದು ಎದೆ, ಸೊಂಟ, ನಿತಂಬಗಳ ಅಳತೆ ತೆಗೆದು ನಕ್ಷೆಯೊಡನೆ ಹೋಲಿಸಬೇಕು. ಹೊಲಿಗೆಗೆ ಬಿಟ್ಟ ಅಂಚು ಸಾಮಾನ್ಯವಾಗಿ ಅಂಗುಲದ ಎಂಟನೆಯ ಐದು ಭಾಗ, ಅಂದರೆ ಸುಮಾರು 1.6 ಸೆಂಟಿಮೀಟರ್, ಅದು ಸೇರಿದೆಯೇ ಇಲ್ಲವೇ ಎಂಬುದನ್ನು ನಕ್ಷೆಯಲ್ಲಿಯೇ ಓದಿ ತಿಳಿಯಬೇಕು.

ಹೊಸ ಹತ್ತಿ ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸತಕ್ಕದ್ದು. ಮಗ್ಗದಲ್ಲಿ ಬಿಗಿಯಾಗಿ ಎಳೆದಿಟ್ಟ ನೂಲು ನೀರು ಕುಡಿದೊಡನೆ ಸಡಿಲಿ ಕುಗ್ಗುತ್ತದೆ. ನೂರಕ್ಕೆ ಐದರಂತೆ ಕುಗ್ಗಿದರೂ 4 ಮೀಟರಿನಲ್ಲಿ 20 ಸೆಂಟಿಮೀಟರ್ ಹೋಯಿತು! ಬಳಿಕ ನಕ್ಷೆಯ ಬಾಣದ ಗುರುತನ್ನು ಬಟ್ಟೆಯ ಅಂಚಿಗೆ ಸಮಾನಾಂತರವಾಗಿ ಇರಿಸಬೇಕು.

ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಹಳೆಯ ಸೀರೆಯೊಂದರಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುವುದು ಜಾಣತನ. ಬರಿದೆ ನಿಂತು ನೋಡಿದರೆ ಸಾಲದು. ಕುಳಿತು, ಬಾಗಿ, ಮೆಟ್ಟಿಲು ಹತ್ತಿ ಪರೀಕ್ಷಿಸಬೇಕು. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ತಪ್ಪಿದ ಕತ್ತರಿಗೆ ಮದ್ದಿಲ್ಲ.

ಅನಂತರ ಭುಜ, ತೋಳು, ಪಕ್ಕಗಳನ್ನು ಕೂಡಿಸಿ, ಒಂದು ಪಕ್ಕದ ಹೊಲಿಗೆಯಲ್ಲಿ ಲಾಡಿ ತೂರುವಷ್ಟು ಕಿಂಡಿ ಬಿಡಬೇಕು. ಕೆಳ ಅಂಚನ್ನು ಒಡನೆಯೇ ಮಡಿಸಬಾರದು. ಉಡುಪನ್ನು ಒಂದು ಹಗಲು, ಒಂದು ರಾತ್ರಿ ತೂಗುಹಾಕಿದರೆ ಓರೆಯ ಭಾಗಗಳು ತಮ್ಮ ಭಾರಕ್ಕೆ ಇಳಿಯುತ್ತವೆ. ಆಗ ನೆಲದಿಂದ ಸಮಾನ ಎತ್ತರಕ್ಕೆ ಗುರುತು ಮಾಡಿ ಮಡಿಸಿದರೆ ಅಂಚು ನೇರವಾಗಿ ನಿಲ್ಲುವುದು.