ಆಣೆ ಮಾಡುವ ಮೊದಲು

ಎಂ.ಎಸ್.ಡಬ್ಲ್ಯೂ. ಓದುವಾಗ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಬರೆದಿಟ್ಟ ಸಮಾಜಕಾರ್ಯದ ಏಳು ತತ್ವಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕಿಳಿದ ಮೇಲೆ ಆ ಮಗ್ಗಿ ಎಷ್ಟೋ ಸಲ ತಪ್ಪಿದೆ. ಹಾಗೆ ತಪ್ಪಿ ಕಲಿತದ್ದು ಇಷ್ಟು.

1. ಮೊದಲು ಕೂರಬೇಕು, ಫಾರಂ ಆಮೇಲೆ. ಹೊಸದರಲ್ಲಿ ಒಂದು ಮನೆಗೆ ಹೋದವಳೇ 'ಎಷ್ಟು ಜನ, ಆದಾಯ ಎಷ್ಟು' ಎಂದು ಶುರು ಮಾಡಿದೆ. ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಲೆ ಎತ್ತದೆ, "ರೇಷನ್ ಕಾರ್ಡಿನಾಕಿ ಏನವ್ವಾ?" ಎಂದಳು. ಈಗ ಫಾರಂ ಚೀಲದಲ್ಲೇ ಇರುತ್ತದೆ.

2. 'ಯಾರಿಗೂ ಹೇಳುವುದಿಲ್ಲ' ಎಂದು ಮಗುವಿಗೆ ಮಾತು ಕೊಡಬೇಡಿ. ನಾನು ಕೊಟ್ಟಿದ್ದೆ. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಹದಿನಾಲ್ಕರ ಹುಡುಗಿ, ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಅಕ್ಕಾರ, ಆಣೆ ಮಾಡ್ರಿ" ಅಂದಳು. ಮಾಡಿಬಿಟ್ಟೆ. ಅವಳು ಹೇಳಿದ್ದೋ, ಪೊಲೀಸರಿಗೆ ತಿಳಿಸಲೇಬೇಕಾದ ವಿಷಯ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ನಮಗೆ ಬೇರೆ ದಾರಿ ಉಳಿಸಿಲ್ಲ. ದೂರು ದಾಖಲಾಯಿತು, ಹಿಂಸೆ ನಿಂತಿತು, ಅವಳು ನನ್ನೊಡನೆ ಮಾತು ಬಿಟ್ಟಳು. ಕಾನೂನು ಪಾಲಿಸಿದ್ದು ಸರಿ; ಆಣೆ ಮಾಡಿದ್ದು ತಪ್ಪು. ಈಗ ಮೊದಲೇ ಹೇಳುತ್ತೇನೆ: "ನಿನಗೆ ಅಪಾಯ ಐತಿ ಅನಿಸಿದ್ರ ಒಬ್ಬಿಬ್ಬರಿಗೆ ಹೇಳಬೇಕಾಗ್ತದ. ಯಾರಿಗೆ ಅಂತ ಮೊದಲು ನಿನಗ ತಿಳಿಸ್ತೀನಿ." ಇದನ್ನು ಕೇಳಿ ಕೆಲವು ಮಕ್ಕಳು ಸುಮ್ಮನಾಗುತ್ತಾರೆ. ಕಾಯಬೇಕು, ಮತ್ತೆ ಹೋಗಬೇಕು.

3. ಆ ಏಳರಲ್ಲೊಂದು ಸ್ವಯಂ ನಿರ್ಧಾರ. ಅಂದರೆ ಯಾರ ನಿರ್ಧಾರ? ಬಾಲ್ಯವಿವಾಹ ತಡೆಯಲು ಹೋದಾಗ "ನಮ್ಮ ಮಗಳು, ನಮ್ಮ ಇಷ್ಟ" ಎನ್ನುತ್ತಾರೆ. ಹುಡುಗಿಯನ್ನು ಯಾರೂ ಕೇಳಿರುವುದಿಲ್ಲ. ಹದಿನೆಂಟು ತುಂಬದವಳ ಮದುವೆ ಕರ್ನಾಟಕದಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಆರಂಭದಿಂದಲೇ ಅಸಿಂಧು. ಹಾಗೆಂದು ಹೇಳಿ ಜೀಪು ಹತ್ತಿ ಬಂದರೆ, ಶಾಮಿಯಾನದವನ ಬಾಕಿ, ನೆಂಟರ ಕೊಂಕುಮಾತು ಎಲ್ಲ ಆ ಮನೆಯ ಪಾಲು, ಕೊನೆಗೆ ಸಿಟ್ಟು ಇಳಿಯುವುದು ಹುಡುಗಿಯ ಮೇಲೆ. ಮರುದಿನವೂ ಆ ಮನೆಗೆ ಹೋಗಿ.

4. ಯಾರ ಮೇಲೂ ತೀರ್ಪು ಹೊರಿಸಬಾರದು. ಕುಡಿದು ಬಂದ ಅಪ್ಪನ ಎದುರು ಐದು ನಿಮಿಷ ಕೂತು ನೋಡಿ, ಇದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ನನಗೆ ಇನ್ನೂ ಪೂರ್ತಿ ಬಂದಿಲ್ಲ.

5. ಫೋಟೊ. 'ರಕ್ಷಿಸಿದ' ಮಗುವಿನ ಪಕ್ಕ ನಿಂತು ತೆಗೆಸಿಕೊಂಡು ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿ ನಮ್ಮವರಲ್ಲೇ ಇದೆ. ಹಾಗೆ ಮಗುವಿನ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ನಿಮ್ಮ ಮೊಬೈಲಿನಲ್ಲಿ ಅಂಥದ್ದಿದ್ದರೆ ಇವತ್ತೇ ಅಳಿಸಿಬಿಡಿ.