ಒಂದು ಕಚೇರಿ, ಹಲವು ಕಂಪನಿ

ಹಿಂದೆ ನಮ್ಮ ದೇಶದಲ್ಲಿ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯಿತ್ತು. ಒಂದೇ ಸಂಸ್ಥೆ ಸೆಣಬಿನ ಗಿರಣಿ, ಚಹಾ ತೋಟ, ಕಲ್ಲಿದ್ದಲ ಗಣಿಗಳ ಬೇರೆಬೇರೆ ಕಂಪನಿಗಳನ್ನು ನಡೆಸುತ್ತಿತ್ತು. 1970ರಲ್ಲಿ ಆ ಪದ್ಧತಿ ರದ್ದಾಯಿತು. ಕೇಂದ್ರ ಕಚೇರಿಯ ಖರ್ಚನ್ನು ಯಾವ ಕಂಪನಿ ಎಷ್ಟು ಹೊರಬೇಕೆಂಬ ಪ್ರಶ್ನೆ ಇಂದಿನ ಕಂಪನಿ ಸಮೂಹಗಳಲ್ಲಿಯೂ ಇದೆ.

ಖರ್ಚು 1 ಲಕ್ಷ ರೂಪಾಯಿ, ಕಂಪನಿಗಳು ಎರಡು ಎನ್ನೋಣ. ಒಟ್ಟು ಮಾರಾಟದಲ್ಲಿ ಗಿರಣಿಯದು ನೂರಕ್ಕೆ 70, ತೋಟದ್ದು 30. ಆದರೆ ಕೆಲಸಗಾರರಲ್ಲಿ ನೂರಕ್ಕೆ 60 ಮಂದಿ ತೋಟದವರು. ಮಾರಾಟದಂತೆ ಹಂಚಿದರೆ ತೋಟಕ್ಕೆ 30,000, ತಲೆಯೆಣಿಕೆಯಂತೆ 60,000. ಲೆಕ್ಕಪುಸ್ತಕದಲ್ಲಿ ಎರಡೂ ಸರಿಯಾಗಿಯೇ ಕೂಡುತ್ತವೆ! ತೋಟದಲ್ಲಿ ಮಾತ್ರ ಹಣ ಹಾಕಿದ ಸಣ್ಣ ಷೇರುದಾರನಿಗೆ ತನ್ನ ಲಾಭಾಂಶ ಕುಗ್ಗಿದ್ದೇಕೆಂದು ತಿಳಿಯದು. ಸಂಬಳ ಬರೆಯುವ ಗುಮಾಸ್ತರ ಖರ್ಚನ್ನು ತಲೆಯಂತೆ, ಮಾರಾಟ ವಿಭಾಗದ್ದನ್ನು ಮಾರಾಟದಂತೆ ಹಂಚುವುದೇ ನ್ಯಾಯವೆಂದು ನನಗೆ ತೋರುತ್ತದೆ. ಅಧ್ಯಕ್ಷರ ಕಾರಿಗೆ ಯಾವ ಅಳತೆಯೂ ಒಗ್ಗದು; ಅದನ್ನು ಕೇಂದ್ರ ಸಂಸ್ಥೆಯೇ ಹೊರಲಿ.